ಎಸಿ ಕೂರಿಸುವ ಮೊದಲು ನೀರಿನ ದಾರಿ

ಮಂಗಳೂರಿನ ನಮ್ಮ ಮನೆಗೆ ತಮ್ಮ ಕಳೆದ ಬೇಸಗೆಯಲ್ಲಿ ಎಸಿ ಹಾಕಿಸಿದ್ದ. ರಜೆಗೆ ಹೋದಾಗ ನೋಡುತ್ತೇನೆ, ಎಸಿಯ ಕೆಳಗೆ ಮೊಳದುದ್ದ ಗೋಡೆ ಒದ್ದೆಯಾಗಿ, ಬಣ್ಣ ಉಬ್ಬಿ, ಅಂಚಿನಲ್ಲಿ ಕಪ್ಪಗೆ ಬೂಷ್ಟು ಹಿಡಿದಿದೆ. ಹೊರಗಡೆ ಗೋಡೆಯ ತೂತಿನಿಂದ ಜೋತುಬಿದ್ದ ತೆಳ್ಳನೆಯ ಪೈಪಿನಿಂದ ಪಕ್ಕದ ಮನೆಯವರ ಶೀಟಿನ ಮೇಲೆ ರಾತ್ರಿಯಿಡೀ ಟಪ್ ಟಪ್ ಎಂದು ನೀರು ಬೀಳುತ್ತಿತ್ತು. ಮೆಕ್ಯಾನಿಕನನ್ನು ಕರೆಸಿದರೆ ಅವನು ಅಮ್ಮನಿಗೆ ಹೇಳಿದ್ದು ಇಷ್ಟು: “ನಮ್ಮ ಊರಿನ ಸೆಕೆಗೆ ಇಷ್ಟು ನೀರು ಬಂದೇ ಬರುತ್ತದೆ ಅಮ್ಮ, ಏನೂ ತೊಂದರೆ ಇಲ್ಲ.”

ಆ ಮಾತು ನನಗೆ ನಾಟಿತು. ನಾನಿರುವ ಸಿಂಗಾಪುರದ ಸೆಕೆ ಮಂಗಳೂರಿನ ಸೆಕೆಗೆ ಏನೂ ಕಡಿಮೆಯಿಲ್ಲ. ಇಲ್ಲಿ ವರ್ಷವಿಡೀ ಎಸಿ ಓಡುತ್ತದೆ; ನಮ್ಮ ಮನೆಯ ಗೋಡೆ ಒಣಗಿಯೇ ಇದೆ.

ಇಲ್ಲಿಯ ಮನೆಗೆ ಎಸಿ ಕೂರಿಸಲು ಬಂದಿದ್ದ ಹಿರಿಯ ಕೆಲಸಗಾರರು ಮೊದಲು ಹೋಗಿದ್ದು ಬಚ್ಚಲುಮನೆಗೆ. ನೀರು ಇಳಿಯಬೇಕಾದ ನೆಲದ ಜಾಲರಿಯನ್ನು ನೋಡಿಕೊಂಡು, ಅಲ್ಲಿಂದ ಹಿಂದಕ್ಕೆ ಅಳೆಯುತ್ತ ಬಂದು ಎಸಿಯ ಜಾಗ ಗುರುತು ಮಾಡಿದರು. ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರು ಸಿಗಬೇಕು ಎಂದು ಮಟ್ಟಗೋಲು ಇಟ್ಟು ನೋಡಿದರು. ತಂಪು ಮಾಡುವ ಅನಿಲ ಓಡಾಡುವ ಎರಡು ತಾಮ್ರದ ಪೈಪುಗಳಿಗೂ ಬೇರೆ ಬೇರೆಯಾಗಿ ಕಪ್ಪು ರಬ್ಬರ್ ಫೋಮಿನ ದಪ್ಪ ಕವಚ ತೊಡಿಸಿದರು. ನೀರು ಹೋಗುವ ಪ್ಲಾಸ್ಟಿಕ್ ಪೈಪಿಗೂ ಕವಚ! ಒಳಗೆ ತಣ್ಣನೆಯ ನೀರು ಹರಿದರೆ ಆ ಪೈಪೂ ಬೆವರುತ್ತದೆ ಎಂದರು. ಜೋಡಣೆಯ ನಟ್ಟಿನ ಬಳಿ ಬೆರಳಗಲ ಜಾಗ ಉಳಿದಿತ್ತು. ಅದಕ್ಕೂ ಫೋಮು ಕತ್ತರಿಸಿ ಅಂಟಿಸಿದ ಮೇಲೆಯೇ ಮುಚ್ಚಿದರು.

ಊರಿನ ಎಸಿಯ ಪೈಪಿನ ಟೇಪು ಬಿಚ್ಚಿಸಿ ನೋಡಿದೆ. ಎರಡು ತಾಮ್ರದ ಪೈಪುಗಳಲ್ಲಿ ಒಂದಕ್ಕೆ ಮಾತ್ರ ತೆಳು ಕವಚ, ಇನ್ನೊಂದು ಬರಿ ಮೈ, ಎರಡಕ್ಕೂ ಸೇರಿಸಿ ಬಿಳಿ ಟೇಪು. ನಟ್ಟಿನ ಬಳಿ ಏನೂ ಇಲ್ಲ. ಹನಿ ಅಲ್ಲಿಂದಲೇ ಇಳಿಯುತ್ತಿತ್ತು.

“ಬೆಂಗಳೂರಿನ ನನ್ನ ಮನೆಯಲ್ಲೂ ಹೀಗೇ ಹಾಕಿದ್ದಾರೆ ಅಣ್ಣ, ಅಲ್ಲಿ ಒಂದು ಹನಿಯೂ ಇಲ್ಲ” ಎಂದ ತಮ್ಮ. ಅವನು ಹೇಳಿದ್ದು ಸುಳ್ಳಲ್ಲ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಒಣ ಗಾಳಿಯಲ್ಲಿ ಪೈಪು 12 ಡಿಗ್ರಿಯ ಆಸುಪಾಸಿಗೆ ತಣಿದರೂ ಮೈ ಒದ್ದೆಯಾಗದ ದಿನಗಳುಂಟು. ಕರಾವಳಿಯಲ್ಲಿ 30 ಡಿಗ್ರಿ ಬಿಸಿಲಿಗೆ ಶೇ 80 ತೇವ ಸೇರಿದರೆ 26 ಡಿಗ್ರಿಯ ವಸ್ತುವಿನ ಮೇಲೂ ನೀರು ಕೂರುತ್ತದೆ. ಅಂಥ ಗಾಳಿಯಲ್ಲಿ ಒಂದು ಟನ್ನಿನ ಎಸಿ ಗಂಟೆಗೆ ಲೀಟರಿನಷ್ಟು ನೀರು ಇಳಿಸಬಲ್ಲದು. ಘಟ್ಟದ ಮೇಲಿನ ಕೆಲಸವನ್ನು ಹಾಗೆಯೇ ಘಟ್ಟದ ಕೆಳಗೆ ಮಾಡಿ ಮುಗಿಸಿದರೆ ಗೋಡೆ ಒದ್ದೆಯಾಗದೆ ಇನ್ನೇನಾಗುತ್ತದೆ?

ನನಗೆ ನಿಜವಾಗಿ ನೋವಾಗುವುದು ಬೇರೆ ಕಾರಣಕ್ಕೆ. ನೀರಿಗೆ ದಾರಿ ಮಾಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅಜ್ಜನ ಕಾಲದ ಹಂಚಿನ ಮನೆಯಲ್ಲಿ ಮಾಡಿನ ಓರೆ, ಗೋಡೆಯಿಂದ ಆಚೆ ಚಾಚಿದ ಸೂರು, ಅಂಗಳದ ಸುತ್ತ ಕಣಿ, ಕಣಿಯಿಂದ ತೋಟಕ್ಕೆ ದಾರಿ, ಎಲ್ಲವೂ ಆಟಿಯ (ಆಷಾಢದ) ಮಳೆಯನ್ನು ನೆನೆದೇ ಕಟ್ಟಿದ್ದು. ಅಂಥ ಊರಿನವರು ಎಸಿ ಪೈಪನ್ನು ಪಾಗಾರದ ಆಚೆ ಎಸೆದು “ಏನೂ ತೊಂದರೆ ಇಲ್ಲ” ಎನ್ನುವುದನ್ನು ನಾನು ಒಪ್ಪಲಾರೆ. ಪಕ್ಕದ ಮನೆಯವರು ನಮ್ಮ ಅಪ್ಪನ ಕಾಲದಿಂದ ಆತ್ಮೀಯರು. ಅದಕ್ಕೇ ಬಾಯಿ ಬಿಟ್ಟು ಹೇಳಿರಲಿಲ್ಲ.

ಸಿಂಗಾಪುರದಲ್ಲಿ ಇದನ್ನು ಆತ್ಮೀಯತೆಗೆ ಬಿಟ್ಟಿಲ್ಲ. ಸರ್ಕಾರಿ ವಸತಿ ಕಟ್ಟಡಗಳಲ್ಲಿ ಹೊರಗಿನ ಯೂನಿಟ್ ಕೂರಿಸಲು ತರಬೇತಿ ಪಡೆದು ನೋಂದಾಯಿಸಿಕೊಂಡವರೇ ಬರಬೇಕು. ಬಾಡಿಗೆ ಕರಾರಿನಲ್ಲಿ ಮೂರು ತಿಂಗಳಿಗೊಮ್ಮೆ ಎಸಿ ಸರ್ವಿಸ್ ಮಾಡಿಸಬೇಕೆಂದು ಬರೆದಿರುವುದು ಸಾಮಾನ್ಯ. ಎಸಿ ತಟ್ಟೆಯಲ್ಲಿ ನಿಂತ ನೀರಿನಲ್ಲೂ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆಂದು ಪರಿಸರ ಇಲಾಖೆಯವರು ಮನೆಗೇ ಬಂದು ನೋಡುತ್ತಾರೆ. ಮರಿ ಸಿಕ್ಕರೆ ದಂಡ. ಮಲೇರಿಯಾ, ಡೆಂಗಿ ಎರಡನ್ನೂ ಕಂಡ ಮಂಗಳೂರಿಗೆ ಇಷ್ಟಾದರೂ ಬೇಡವೇ?

ಹಾಗೆಂದು ಇಲ್ಲಿ ಎಸಿ ಸೋರುವುದೇ ಇಲ್ಲವೆಂದಲ್ಲ. ಡ್ರೈನ್ ಪೈಪಿನೊಳಗೆ ಲೋಳೆ ಕಟ್ಟಿಕೊಂಡು ನಡುರಾತ್ರಿ ಹಾಸಿಗೆ ನೆನೆದ ಮನೆಗಳು ನನ್ನ ಪರಿಚಿತರಲ್ಲೇ ಇವೆ. ಆಗ ಮೆಕ್ಯಾನಿಕನಿಗೆ ವಾರ ಮೊದಲೇ ಸಮಯ ಗೊತ್ತುಮಾಡಬೇಕು, ಕೇಳಿದಷ್ಟು ಕೊಡಬೇಕು. ಊರಿನ ಆ ಹುಡುಗ ಕರೆದ ಸಂಜೆಯೇ ಸ್ಕೂಟರಿನಲ್ಲಿ ಬಂದಿದ್ದ. ನಾನು ತೋರಿಸಿದ ಮೇಲೆ ಬೇಸರಿಸದೆ ಎರಡು ಪೈಪಿಗೂ ಹೊಸ ಕವಚ ಹಾಕಿಕೊಟ್ಟ. ಅವನಿಗೆ ಹಾಗೆ ಮಾಡಲು ಯಾರೂ ಹೇಳಿರಲಿಲ್ಲ, ಕವಚಕ್ಕೆ ಹೆಚ್ಚು ಹಣ ಕೊಡಲು ಯಾರೂ ಒಪ್ಪಿರಲೂ ಇಲ್ಲ. ಅದನ್ನು ನಾನು ಒಪ್ಪಬೇಕು.

ಹೊರಗಿನ ಪೈಪನ್ನು ಸಿಂಗಾಪುರದ ಮನೆಯಂತೆ ಬಚ್ಚಲಿಗೆ ತಿರುಗಿಸೋಣ ಎಂದೆ. ಅಮ್ಮ ಬಿಡಲಿಲ್ಲ. ಪೈಪನ್ನು ಉದ್ದ ಮಾಡಿಸಿ ಹಿತ್ತಲಿನ ಬಸಳೆ ಚಪ್ಪರದ ಬುಡಕ್ಕೆ ಬಿಡಿಸಿದರು. ನೀರು ನಿಲ್ಲದೆ ಮಣ್ಣಿಗೆ ಇಂಗುವುದರಿಂದ ಸೊಳ್ಳೆಯ ಭಯವಿಲ್ಲ, ಶೀಟಿನ ಮೇಲೂ ಬೀಳುವುದಿಲ್ಲ. ಆ ಏರ್ಪಾಡಿಗೆ ನನ್ನ ತಕರಾರಿಲ್ಲ.