ಶಬ್‌ಖೂನ್ ನಡೆದದ್ದು ಯಾರ ದುಡ್ಡಿನಲ್ಲಿ?

ಉರ್ದುವಿನ ದೊಡ್ಡ ವಿಮರ್ಶಕ ಶಂಸುರ್ ರಹಮಾನ್ ಫಾರೂಕಿ ಬಗ್ಗೆ ಯಾರೇ ಬರೆದರೂ ‘ಶಬ್‌ಖೂನ್’ ಪತ್ರಿಕೆಯ ಮಾತು ಬಂದೇ ಬರುತ್ತದೆ. ಅವರ ಹೆಂಡತಿ ಜಮೀಲಾ ಹೆಸರು ಮಾತ್ರ ಎಲ್ಲೋ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನನಗಂತೂ ಇದು ಸರಿ ಅನ್ನಿಸುವುದಿಲ್ಲ.

ಶಬ್‌ಖೂನ್, ಅಂದರೆ ರಾತ್ರಿ ಹೊತ್ತಿನ ದಾಳಿ, ಶುರುವಾದದ್ದು 1966ರಲ್ಲಿ, ಅಲಹಾಬಾದಿನಲ್ಲಿ. ಫಾರೂಕಿ ಆಗ ಅಂಚೆ ಇಲಾಖೆಯ ಅಧಿಕಾರಿ. ಸರ್ಕಾರಿ ನೌಕರ ಸಂಪಾದಕ ಅಂತ ಹೆಸರು ಹಾಕಿಕೊಳ್ಳುವ ಹಾಗಿರಲಿಲ್ಲ. ಹಾಗಾಗಿ ಕೆಲಸ ಇವರದು, ಅಚ್ಚಾಗುವ ಹೆಸರು ಬೇರೆಯವರದು. ದುಡ್ಡು? ಅದು ಜಮೀಲಾ ಸಂಬಳದ್ದು. ಅವರು ಅಲ್ಲೇ ಹೆಣ್ಣುಮಕ್ಕಳ ಕಾಲೇಜೊಂದರ ಪ್ರಿನ್ಸಿಪಾಲ್. ಗಂಡನಿಗೆ ಊರಿಂದೂರಿಗೆ ವರ್ಗ, ಪತ್ರಿಕೆಯ ವಿಳಾಸ ಮಾತ್ರ ಅಲಹಾಬಾದಿನ ರಾಣಿ ಮಂಡಿ. ಸಾಹಿತ್ಯದ ಜಗಳ ಹೂಡಿದವರ ಹೆಸರು ಚರಿತ್ರೆಗೆ ಸೇರಿತು. ಪ್ರೆಸ್ಸಿನ ಬಾಕಿ ತೀರಿಸಿದವರು ಅಡಿಟಿಪ್ಪಣಿಯಾದರು.

ಜಗಳವೇನೋ ಜೋರಾಗಿಯೇ ಇತ್ತು. 1936ರಲ್ಲಿ ಲಖನೌದಲ್ಲಿ ಪ್ರೇಮಚಂದ್ ಅಧ್ಯಕ್ಷತೆಯಲ್ಲಿ ಸಮಾವೇಶ ನಡೆಸಿದ ಪ್ರಗತಿಶೀಲ ಲೇಖಕರು 60ರ ದಶಕಕ್ಕೆ ತಾವೇ ಯಜಮಾನರಾಗಿದ್ದರು. ಕವಿತೆ ಸಮಾಜಕ್ಕೆ ಏನು ಹೇಳುತ್ತದೆ ಅನ್ನುವುದೇ ಅವರ ಮೊದಲ ಪ್ರಶ್ನೆ. ಅದು ಮೊದಲು ಕವಿತೆಯಾಗಿದೆಯಾ ನೋಡಿ ಅಂತ ಶಬ್‌ಖೂನ್ ಕೇಳಿತು. ಬಲರಾಜ್ ಮೈನ್ರಾ, ಸುರೇಂದ್ರ ಪ್ರಕಾಶ್ ತರಹದವರ ಕತೆಗಳು ಅಲ್ಲಿ ಬಂದವು. ಲಖನೌದ ಪರ್ಷಿಯನ್ ಭಾಷೆಯ ಪ್ರಾಧ್ಯಾಪಕ ನಯ್ಯರ್ ಮಸೂದ್ ಅವರ ಕನಸಿನಂಥ ಕತೆಗಳೂ ಬಂದವು. ಅಡಿಗರ ‘ಸಾಕ್ಷಿ’ ಪತ್ರಿಕೆ ಓದಿದವರಿಗೆ ಇದೆಲ್ಲ ಹೊಸದಲ್ಲ, ಅಲ್ವಾ? ನಮ್ಮ ನವ್ಯದ ಹಾಗೆಯೇ ಅಲ್ಲೂ ಕೆಲವು ಕತೆಗಳು ಸುಮ್ನೆ ಕಗ್ಗಂಟು. ಅದನ್ನೂ ಒಪ್ಪಿಕೊಳ್ಳೋಣ.

ಆದರೆ ಶಬ್‌ಖೂನ್ ಬರೀ ‘ಪಶ್ಚಿಮದ ನಕಲು’ ಅನ್ನುವ ಬೈಗುಳ ನಾನು ಒಪ್ಪುವುದಿಲ್ಲ. ಇದೇ ಫಾರೂಕಿ 18ನೇ ಶತಮಾನದ ಮೀರ್ ತಕಿ ಮೀರ್ ಕಾವ್ಯದ ಮೇಲೆ ನಾಲ್ಕು ಸಂಪುಟ ಬರೆದರು. 1996ರ ಸರಸ್ವತಿ ಸಮ್ಮಾನ್ ಬಂದದ್ದು ಅದಕ್ಕೇ. ಹಳೇ ದಾಸ್ತಾನ್‌ಗಳನ್ನು, ಅಂದರೆ ರಾತ್ರಿಗಟ್ಟಲೆ ಬಾಯಲ್ಲಿ ಹೇಳುತ್ತಿದ್ದ ಕತೆಗಳನ್ನು, ಕಾಡುಹರಟೆ ಅಂತ ಮೂಲೆಗೆ ತಳ್ಳಿದ್ದರಲ್ಲ, ಅವುಗಳನ್ನು ಗಂಭೀರವಾಗಿ ಓದುವುದು ಹೇಗೆಂದು ತೋರಿಸಿಕೊಟ್ಟರು.

ಮುಂದಿನದು ನನಗೆ ಜಾಸ್ತಿ ಇಷ್ಟ. 90ರ ದಶಕದ ಕೊನೆಗೆ ಶಬ್‌ಖೂನ್‌ನಲ್ಲಿ ಗಾಲಿಬ್ ಬಗ್ಗೆ ಒಂದು ಕತೆ ಬಂತು. ಬರೆದವರು ಬೇನಿ ಮಾಧವ ರುಸ್ವಾ. ಕತೆಯಲ್ಲಿ ಗಾಲಿಬ್‌ನನ್ನು ನೋಡಲು ದಿಲ್ಲಿಗೆ ಹೋಗುವವನೂ ಅವನೇ. ಅಂಥ ಲೇಖಕ ಇರಲೇ ಇಲ್ಲ, ಬರೆದದ್ದು ಫಾರೂಕಿ! ನೌಕರಿಯಿಂದ ನಿವೃತ್ತರಾಗಿ ವರ್ಷಗಳಾಗಿದ್ದವು, ಹೆಸರು ಮುಚ್ಚಿಡುವ ಅಗತ್ಯವೇ ಇರಲಿಲ್ಲ. ಈ ಸಲ ಅದು ಬರೀ ಆಟ.

ಅಲಹಾಬಾದ್ ದೂರವಾಯಿತು, ಬಿಡಿ. ನಮ್ಮ ಬೆಂಗಳೂರಿನಲ್ಲೇ ಮಹಮೂದ್ ಅಯಾಜ್ ‘ಸೌಗಾತ್’ ಎಂಬ ಉರ್ದು ಪತ್ರಿಕೆ ಶುರು ಮಾಡಿದ್ದು ಶಬ್‌ಖೂನ್‌ಗಿಂತ ಮೊದಲು, 1959ರಲ್ಲಿ. ಆಧುನಿಕ ಕವಿತೆಯ ಮೇಲೆ ಅವರು ತಂದ ವಿಶೇಷ ಸಂಚಿಕೆಯನ್ನು ಉರ್ದುವಿನವರು ಇವತ್ತಿಗೂ ನೆನೆಯುತ್ತಾರೆ. ನವ್ಯದ ಬಗ್ಗೆ ಮಾತಾಡುವಾಗ ನಾವು ಎಲಿಯಟ್‌ವರೆಗೆ ಹೋಗಿ ಬರುತ್ತೇವೆ, ಇದೇ ಊರಿನಿಂದ ಬರುತ್ತಿದ್ದ ಪತ್ರಿಕೆಯ ಹೆಸರು ಎತ್ತುವುದಿಲ್ಲ.

ಶಬ್‌ಖೂನ್ 2005ರಲ್ಲಿ ನಿಂತಿತು. ನಾಲ್ಕು ದಶಕದಲ್ಲಿ ಬಂದದ್ದರಲ್ಲಿ ಆಯ್ದು ದಪ್ಪನೆಯ ಕೊನೇ ಸಂಚಿಕೆ ತಂದರು. ಜಮೀಲಾ 2007ರಲ್ಲಿ ತೀರಿಕೊಂಡರು, ಫಾರೂಕಿ 2020ರ ಡಿಸೆಂಬರ್‌ನಲ್ಲಿ. ಹಳೇ ಸಂಚಿಕೆಗಳು ರೇಖ್ತಾ ಜಾಲತಾಣದಲ್ಲಿ ಸಿಗುತ್ತವೆ. ಎರಡೂ ಭಾಷೆ ಬಲ್ಲ ಗೆಳೆಯರು ಯಾರಾದರೂ ಆ ಗಾಲಿಬ್ ಕತೆಯನ್ನು ನೇರ ಉರ್ದುವಿನಿಂದಲೇ ಕನ್ನಡಕ್ಕೆ ತರುತ್ತೀರಾ? ಕಾಮೆಂಟಿನಲ್ಲಿ ಹೇಳಿ. ಅಚ್ಚು ಹಾಕಿಸುವ ಖರ್ಚಿನಲ್ಲಿ ನನ್ನದೂ ಒಂದು ಪಾಲು ಇರಲಿ.