ಕುಕ್ಕರ್ ಮರೆಯಬೇಡಿ!

ಅಮೆರಿಕದ ಕೊಲರಾಡೋದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿಗೆ ಮನೆಮಂದಿಯೆಲ್ಲ ಆರ್‌ವಿಯಲ್ಲಿ, ಅಂದರೆ ಅಡುಗೆಮನೆ, ಹಾಸಿಗೆ ಎಲ್ಲ ಇರುವ ದೊಡ್ಡ ಗಾಡಿಯಲ್ಲಿ, ಹೋಗುವ ಬಗ್ಗೆ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ‘ಆರ್‌ವಿ ಇದ್ದರೆ ಮನೆಯೇ ಜೊತೆಗಿದ್ದ ಹಾಗೆ’ ಅಂದಿದ್ದೀರಲ್ಲ, ಅದನ್ನು ಪೂರ್ತಿ ಒಪ್ಪಲಾರೆ. ನಾವೂ ಹಾಗೇ ಅಂದುಕೊಂಡು ಹೋಗಿದ್ದೆವು. ಪಾರ್ಕಿನೊಳಗಿನ ಗ್ಲೇಸಿಯರ್ ಬೇಸಿನ್ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿಗೆ ಕರೆಂಟ್ ಕನೆಕ್ಷನ್ ಇಲ್ಲ, ಸ್ನಾನಕ್ಕೆ ಶವರ್ ಇಲ್ಲ. ಜನರೇಟರ್ ಹಾಕುವುದಕ್ಕೂ ಹೊತ್ತು ಗೊತ್ತು ಮಾಡಿದ್ದಾರೆ.

ಅಡುಗೆಯದು ಬೇರೆಯೇ ಕಥೆ. ಅಲ್ಲಿನ ಎತ್ತರ ಸುಮಾರು 8,500 ಅಡಿ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 91 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಗ ಬೇಯುವುದಿಲ್ಲ. ಜಾಗ ಉಳಿಸೋಣ ಅಂತ ನಾವು ಕುಕ್ಕರನ್ನು ಮನೆಯಲ್ಲೇ ಬಿಟ್ಟಿದ್ದೆವು. ಒಂದೂವರೆ ಗಂಟೆ ಕುದಿಸಿದರೂ ತೊಗರಿಬೇಳೆ ಬೆರಳಲ್ಲಿ ಹಿಚುಕಿದರೆ ಇನ್ನೂ ಗಟ್ಟಿ. ಅತ್ತೆ ಸೌಟು ಕೆಳಗಿಟ್ಟು, “ಇಲ್ಲಿ ನಿಮ್ಮ ಬೇಳೆ ಬೇಯಲ್ಲ ಬಿಡಿ” ಅಂದರು. ಅವತ್ತು ರಾತ್ರಿ ಮೊಸರವಲಕ್ಕಿಯೇ ಗತಿ.

ವಯಸ್ಸಾದವರು, ಮಕ್ಕಳು ಇದ್ದರೆ ಮೊದಲ ರಾತ್ರಿ ಡೆನ್ವರ್‌ನಲ್ಲೇ ಉಳಿಯಿರಿ, ಅದು 5,280 ಅಡಿ. ಪಾರ್ಕಿನೊಳಗಿನ ಟ್ರೇಲ್ ರಿಡ್ಜ್ ರಸ್ತೆ 12,183 ಅಡಿವರೆಗೆ ಏರುತ್ತದೆ. ಬಂದ ದಿನವೇ ಅಷ್ಟು ಮೇಲೆ ಹತ್ತಿದರೆ ತಲೆ ಸಿಡಿಯಬಹುದು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಬೇರೆ ಜಾಸ್ತಿ. ಬೆಳಗ್ಗೆ ಬೇಗ ಹೋಗಿ ಇಳಿದುಬಿಡುವುದು ಒಳ್ಳೆಯದು, ಅಲ್ವಾ?

ಹಾಂ, ಉಪ್ಪಿನಕಾಯಿ ಬಾಟಲಿಯನ್ನೂ ಹೊರಗಿನ ಮೇಜಿನ ಮೇಲೆ ಬಿಡಬೇಡಿ. ಅಲ್ಲಿನ ಕರಡಿಗೆ ನಮ್ಮ ಮಾವಿನಮಿಡಿ ಗೊತ್ತಿಲ್ಲದಿರಬಹುದು, ವಾಸನೆ ಚೆನ್ನಾಗಿ ಗೊತ್ತಾಗುತ್ತದೆ.