ಬಯಲ ಹಕ್ಕಿಗೆ ಕಾಡೇ ತವರೇ?

ಪರ

ಲಾಲ್‌ಬಾಗಿನಲ್ಲಿ ಗೋಣಿಮರ ಹಣ್ಣು ಬಿಟ್ಟಾಗ ಒಂದು ಬೆಳಿಗ್ಗೆ ಅದರ ಕೆಳಗೆ ನಿಲ್ಲಿ. ಒಂದೇ ಮರದಲ್ಲಿ ಇಬ್ಬರು ನೆಂಟರು ಸಿಗುತ್ತಾರೆ. ‘ಕುಟ್ರೂ ಕುಟ್ರೂ’ ಎಂದು ಕೂಗುವ ಕುಟ್ರು ಹಕ್ಕಿ ಪಶ್ಚಿಮ ಘಟ್ಟದ ಕಡೆಯದು. ಹಣೆ ಕೆಂಪಗಿರುವ ಪುಟ್ಟ ಕಂಚುಗಾರ ಹಕ್ಕಿ ಬಯಲುಸೀಮೆಯ ಸಾಲುಮರಗಳಲ್ಲೂ ಬದುಕುತ್ತದೆ. ಬಿನಾಕ್ಯುಲರ್ ಇದ್ದರೆ ಅದರ ಗಂಟಲು ನೋಡಿ: ಟುಕ್, ಟುಕ್ ಎನ್ನುವಾಗ ಕೊಕ್ಕು ತೆರೆಯುವುದೇ ಇಲ್ಲ, ಪ್ರತಿ ಪೆಟ್ಟಿಗೂ ಗಂಟಲು ಉಬ್ಬಿ ಇಳಿಯುತ್ತದೆ.

ಎರಡೂ ಒಣಗೊಂಬೆ ಕೊರೆದು ಗೂಡು ಮಾಡುತ್ತವೆ. ಎರಡಕ್ಕೂ ಆಲ, ಅತ್ತಿ, ಗೋಣಿಯ ಹಣ್ಣೆಂದರೆ ಪ್ರಾಣ. ವಿಜ್ಞಾನಿಗಳು ಎರಡನ್ನೂ ಸಿಲೋಪೋಗನ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದಾರೆ. ಆ ಕುಲದ 30ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲು ಕಾಡಿನವು. ಮಲೇಷ್ಯಾ, ಸುಮಾತ್ರಾ, ಬೋರ್ನಿಯೊ ಕಡೆಯಂತೂ ತುಂಬ ಇವೆ. ಮನೆತನವೆಲ್ಲ ಕಾಡಲ್ಲಿದ್ದು ಬೆರಳೆಣಿಕೆಯವು ಬಯಲಲ್ಲಿದ್ದರೆ, ಮನೆ ಬಿಟ್ಟು ಬಂದವರು ಯಾರೆಂದು ಬೇರೆ ಕೇಳಬೇಕೆ? ಮರ ಬೆಳೆದ ಮಣ್ಣಿಗೂ ಹುಲ್ಲು ಬೆಳೆದ ಮಣ್ಣಿಗೂ ಇಂಗಾಲದ ಗುರುತು ಬೇರೆ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳ ಹಳೆಯ ಮಣ್ಣಿನ ಇಂಗಾಲವೂ ಇದಕ್ಕೆ ಇಂಬು ಕೊಡುತ್ತದೆ: ಸುಮಾರು 80ರಿಂದ 60 ಲಕ್ಷ ವರ್ಷಗಳ ಹಿಂದೆ ಅಲ್ಲಿ ಮರಗಳ ಜಾಗಕ್ಕೆ ಹುಲ್ಲು ಹಬ್ಬಿತು. ಅಂದರೆ ಅಲ್ಲಿ ಕಾಡು ಮೊದಲು, ಬಯಲು ಆಮೇಲೆ.

ವಿರೋಧ

ಕಂಚುಗಾರನ ಮಟ್ಟಿಗೆ ಒಪ್ಪಿದೆ. ಆದರೆ ಅದು ಬಯಲಿಗೆ ಬಂದರೂ ಮರ ಬಿಟ್ಟಿಲ್ಲವಲ್ಲ! ಗೂಡಿಗೂ ಮೇವಿಗೂ ನೆಲವನ್ನೇ ನಂಬಿದ ಹಕ್ಕಿಯನ್ನು ನೋಡಬೇಕಾದರೆ ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಹುಲ್ಲುಗಾವಲಿಗೆ ಬನ್ನಿ. ಪೊದೆಯೊಂದರಿಂದ ನೆಲಗುಬ್ಬಿ ಮೇಲೇಳುತ್ತದೆ, ರೆಕ್ಕೆ ಎತ್ತಿ, ಕಾಲು ಇಳಿಬಿಟ್ಟು, ಹಾಡುತ್ತಲೇ ಕೆಳಗಿಳಿಯುತ್ತದೆ. ಹುಲ್ಲಿನೊಳಗೆ ಹೊಕ್ಕರೆ ಮುಗಿಯಿತು, ಮಣ್ಣು ಯಾವುದು ಹಕ್ಕಿ ಯಾವುದು ತಿಳಿಯದು.

ನೆಲಗುಬ್ಬಿಗಳ ಕುಟುಂಬದಲ್ಲಿ ಸುಮಾರು 100 ಪ್ರಭೇದಗಳಿವೆ, ಹೆಚ್ಚಿನವು ಆಫ್ರಿಕಾದಲ್ಲಿ. ಹೆಚ್ಚುಕಡಿಮೆ ಎಲ್ಲವೂ ಬಯಲಿನವೇ. ಡಿಎನ್‌ಎ ಹೋಲಿಸಿ ನೋಡಿದಾಗ ಸಿಕ್ಕ ಅತಿ ಹತ್ತಿರದ ನೆಂಟ ಯಾರು ಗೊತ್ತೆ? ಯುರೋಪು, ಏಷ್ಯಾದ ಜೊಂಡಿನಲ್ಲಿ ಬದುಕುವ, ಮೀಸೆ ಹೊತ್ತ ಪುಟ್ಟ ಹಕ್ಕಿ. ಅದೂ ಕಾಡಿನದಲ್ಲ. ಇನ್ನೂ ಹಿಂದೆ ಹೋದರೆ ಎಲ್ಲೋ ಒಂದು ಮರ ಸಿಕ್ಕೀತು. ಅಷ್ಟು ದೂರದ ಮುತ್ತಜ್ಜನ ಊರನ್ನು ಯಾರೂ ತವರು ಅನ್ನುವುದಿಲ್ಲ.

ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಬಯಲೆಂದರೆ ಹಾಳಾದ ಕಾಡು ಎಂದುಕೊಂಡವರು ಹುಲ್ಲು ಕಂಡಲ್ಲೆಲ್ಲ ಗುಂಡಿ ತೋಡಿ ಸಸಿ ನೆಡುತ್ತಾರೆ, ಅದೂ ಒಳ್ಳೆಯ ಮನಸ್ಸಿನಿಂದಲೇ. ಸಸಿ ಮರವಾಗಿ ನೆರಳು ಕೂಡಿದ ಮೇಲೆ ನೆಲಗುಬ್ಬಿ ಅಲ್ಲಿ ಗೂಡು ಕಟ್ಟುವುದಿಲ್ಲ. ಬಂದು ಕೂರುವುದು ಕಂಚುಗಾರ. ಅದಕ್ಕೆ ಲಾಲ್‌ಬಾಗ್ ಮೊದಲೇ ಇದೆ.